ನಾದಿನಿಯ ಸರ್ಕಾರಿ ಮಡಿ

ಆಗ ನನಗೆ ಅರವತ್ತಾರು. ಹದಿನಾರು ವರ್ಷದ ಹಿಂದಿನ ಮಾತು. ಮಕ್ಕಳನ್ನು ಹೆತ್ತು, ಮೊಮ್ಮಕ್ಕಳಿಗೆ ಎಣ್ಣೆ ನೀರು ಹಾಕಿ ಸಾಕಾಗಿದ್ದ ನನಗೆ, ಆ ವಯಸ್ಸಿನಲ್ಲಿ ಒಬ್ಬಳು ಕೈ ತೊಳೆಯೋದು ಹೇಗೆ ಅಂತ ಕಲಿಸಿದಳು! ಅವಳೇ ನನ್ನ ನಾದಿನಿ. ಹೆಸರು ಬರೆಯೋದಿಲ್ಲ. ಬರೆದರೆ ಅನುಮತಿ ಎಲ್ಲಿ ತಗೊಂಡಿರಿ ಅಂತ ಕೇಳುತ್ತಾಳೆ.

ನಮ್ಮ ಯಜಮಾನರು ಹೋದ ಮೇಲೆ ನಾನು ಅಮೆರಿಕದ ಮಾನ್ಮತ್ ಜಂಕ್ಷನ್‌ನಲ್ಲಿ ಅವಳ ಮನೆ ಸೇರಿದ್ದೆ. ಮನೆಯ ಕೆಳಗಿನ ಹಜಾರದಲ್ಲಿ ಅವಳು ಡೇ ಕೇರ್ ನಡೆಸುತ್ತಿದ್ದಳು. ಮನೆಯಲ್ಲಿ ನಡೆಸುವವರು ಐದು ಮಕ್ಕಳಿಗಿಂತ ಹೆಚ್ಚು ಇಟ್ಟುಕೊಳ್ಳೋ ಹಾಗಿಲ್ಲ ಅಂತ ಅಲ್ಲಿಯ ಕಾಯಿದೆ. ಇನ್ನೂ ಏನೇನೋ ಕಾಯಿದೆ. ಬೇರೆಯವರು ಅದನ್ನು ಪಾಲಿಸುತ್ತಾರೆ. ಇವಳು ವ್ರತದ ಹಾಗೆ ಆಚರಿಸುತ್ತಿದ್ದಳು.

ನಮ್ಮತ್ತೆ, ಅಂದರೆ ಇವಳ ತಾಯಿ, ಮೈಸೂರಿನಲ್ಲಿ ಭಾರೀ ಮಡಿಯವರು. ಮಗು ಓಡಿ ಬಂದು ಸೆರಗು ಹಿಡಿದರೆ ಮತ್ತೆ ತಲೆಗೆ ನೀರು. ಆ ಮಡಿಗೆ ಹೆದರಿಯೇ ಈ ಹುಡುಗಿ ಅಮೆರಿಕಕ್ಕೆ ಓಡಿದಳು ಅಂತ ನಾವು ಆಡಿಕೊಳ್ಳುತ್ತಿದ್ದೆವು. ಇಲ್ಲಿ ಬಂದು ನೋಡುತ್ತೇನೆ, ಮಡಿ ಅವಳಿಗಿಂತ ಮುಂಚೆಯೇ ವಿಮಾನ ಹತ್ತಿ ಬಂದು ಕೂತಿದೆ! ಡೈಪರ್ ಬದಲಾಯಿಸಿದ ಮೇಜಿಗೆ ಬ್ಲೀಚ್ ನೀರು. ಒರೆಸಿದ ಕೈಗೆ ಸೋಪು. ಸೋಪು ಹಚ್ಚಿ ಒಂದು ಹಾಡು ಮುಗಿಯೋ ತನಕ ಉಜ್ಜಬೇಕು. ನಲ್ಲಿಯನ್ನು ಬರಿಗೈಲಿ ಮುಚ್ಚಿದರೆ ಮೈಲಿಗೆ, ಕಾಗದದ ಟವೆಲ್ ಹಿಡಿದು ಮುಚ್ಚಬೇಕು. ಡೈಪರ್ ಮುಟ್ಟಿದವರು ಅಡಿಗೆಮನೆ ಕಡೆ ಮುಖ ಹಾಕೋ ಹಾಗಿಲ್ಲ. ಅತ್ತೆ ಬದುಕಿದ್ದರೆ ಮಗಳನ್ನು ತಬ್ಬಿಕೊಂಡು ಅಳುತ್ತಿದ್ದರು. ತಬ್ಬಿಕೊಂಡದ್ದಕ್ಕೆ ಆಮೇಲೆ ಇಬ್ಬರೂ ಸ್ನಾನ ಮಾಡುತ್ತಿದ್ದರು.

ನಾನು ಮಕ್ಕಳ ಹತ್ತಿರ ಸುಳಿಯೋಕೂ ಮುಂಚೆ ಕ್ಷಯದ ಪರೀಕ್ಷೆ ಆಗಬೇಕು ಅಂದಳು. ತೋಳಿಗೆ ಒಂದು ಸಣ್ಣ ಸೂಜಿ ಚುಚ್ಚಿದರು. ಅದು ಪುಟ್ಟ ಇಡ್ಲಿ ಹಾಗೆ ಊದಿಕೊಂಡಿತು. ನಮ್ಮ ದೇಶದಿಂದ ಬಂದವರಿಗೆ ಬಹಳ ಜನಕ್ಕೆ ಹೀಗೆ ಊದುತ್ತೆ, ಹಿಂದೆ ಚುಚ್ಚಿದ ಲಸಿಕೆಯಿಂದ ಇರಬಹುದು ಅಂತ ಡಾಕ್ಟರು ನಕ್ಕರು. ನಾದಿನಿ ನಗಲಿಲ್ಲ. ಎಕ್ಸ್‌ರೇ ಬರೋ ತನಕ ನನ್ನನ್ನು ಮಹಡಿ ಕೋಣೆಯಲ್ಲಿ ಕೂರಿಸಿ, ಊಟದ ತಟ್ಟೆಯನ್ನು ಮೆಟ್ಟಿಲ ಮೇಲೆ ಇಟ್ಟು ಹೋಗುತ್ತಿದ್ದಳು.

"ಮುಟ್ಟು ನಿಂತು ಎಷ್ಟೋ ವರ್ಷ ಆಯ್ತು ಕಣೇ. ಈಗ ಮತ್ತೆ ಹೊರಗೆ ಕೂರಿಸಿದೆಯಲ್ಲ" ಅಂದೆ.

"ರೂಲು, ಅತ್ತಿಗೆ" ಅಂದಳು.

ಎಳೆಗೂಸಿನ ತೊಟ್ಟಿಲಲ್ಲಿ ದಿಂಬಿಲ್ಲ, ಹೊದಿಕೆಯಿಲ್ಲ, ಒಂದು ಬಟ್ಟೆ ಗೊಂಬೆಯೂ ಇಲ್ಲ. ಮಗು ಉಸಿರು ಕಟ್ಟೀತು ಅಂತ. ನಾನು ನಮ್ಮ ಕಡೆಯವರ ಹಾಗೆ ಕಾಲು ಚಾಚಿ, ಕಾಲ ಮೇಲೆ ಮಗು ಹಾಕಿಕೊಂಡು ತಟ್ಟಿ ಮಲಗಿಸೋಣ ಅಂತ ಕೂತರೆ, ಇವಳು ಬಂದು ಮಗುವನ್ನು ಎತ್ತಿಕೊಂಡು ಹೋದಳು. ಮಗು ಎಚ್ಚರವಾಗಿ ಅತ್ತಿತು. ಅಳೋದಕ್ಕೆ ರೂಲಿನ ಅಡ್ಡಿ ಇಲ್ಲವಂತೆ.

ಇನ್ನು ಬೆಂಕಿಯ ಅಭ್ಯಾಸ. ಬೆಂಕಿ ಬಿದ್ದರೆ ಓಡೋದು ಹೇಗೆ ಅಂತ ತಿಂಗಳು ತಿಂಗಳು ಮಾಡಿಸಬೇಕು. ಇವಳು ಸೀಟಿ ಊದಿದ ಕೂಡಲೇ ಎಲ್ಲರೂ ಒಂದು ಉದ್ದ ಹಗ್ಗದ ಕುಣಿಕೆ ಹಿಡಿದು ಹೊರಗಿನ ಮೇಪಲ್ ಮರದ ಕೆಳಗೆ ನಿಲ್ಲಬೇಕು. ಮಕ್ಕಳ ಹಿಂದೆ ನಾನು, ಸೀರೆ ಮೇಲೆ ಸ್ವೆಟರು, ಕಾಲಿಗೆ ಹಿಮದ ಬೂಟು. ನನ್ನ ಹಿಂದೆ ಅವಳ ಗಂಡ. ಆತನಿಗೆ ನ್ಯೂಯಾರ್ಕಿನ ಬ್ಯಾಂಕ್ ಕೆಲಸ ಆಗಷ್ಟೇ ಹೋಗಿತ್ತು. ಬ್ಯಾಂಕುಗಳು ಮುಳುಗಿದ ಆ ಚಳಿಗಾಲದಲ್ಲಿ ಬೀದಿಗೊಬ್ಬರು ಗಂಡಸರು ಹಾಗೆ ಮನೆಯಲ್ಲಿದ್ದರು. ಒಂದು ಸಲ ಸೀಟಿ ಊದಿದಾಗ ಪಾಪ ಆತ ಬಚ್ಚಲಲ್ಲಿದ್ದ. ಟವೆಲ್ ಸುತ್ತಿಕೊಂಡು, ಮೇಲೊಂದು ಕೋಟು ಹಾಕಿಕೊಂಡು ಬಂದು ಕುಣಿಕೆ ಹಿಡಿದ. ಎದುರು ಮನೆಯವರು ಪರದೆ ಸರಿಸಿ ನೋಡುತ್ತಿದ್ದಾರೆ. ಮೈ ಒರೆಸಿಕೊಳ್ಳೋಕಾದರೂ ಬಿಡಬಾರದಿತ್ತಾ ಅಂತ ಕೇಳಿದ. "ಬೆಂಕಿ ಬಾಗಿಲ ಹತ್ತಿರ ಟವೆಲ್ ಹಿಡಿದು ಕಾಯುತ್ತಾ?" ಅಂದಳು ಇವಳು.

ಸರ್ಕಾರದವರು ಹೇಳದೆ ಕೇಳದೆ ಪರಿಶೀಲನೆಗೆ ಬರುತ್ತಾರಲ್ಲ, ಆ ಹೆಂಗಸು ಬಂದ ದಿನ ನೋಡಬೇಕಿತ್ತು. ನಾದಿನಿ ಬಾಗಿಲ ಸರಪಳಿ ತೆಗೆಯಲೇ ಇಲ್ಲ. ಸಂದಿಯಿಂದ ಗುರುತಿನ ಚೀಟಿ ಈಸಿಕೊಂಡು, ಅವರ ಆಫೀಸಿಗೆ ಫೋನ್ ಮಾಡಿ, ಹೀಗೊಬ್ಬರು ಇದ್ದಾರಾ, ಬಣ್ಣ ಹೇಗೆ, ಎತ್ತರ ಎಷ್ಟು ಅಂತ ವಿಚಾರಿಸಿದಳು. ಆಕೆ ಹೊರಗೆ ಹಿಮದಲ್ಲಿ ಕಾಲು ಕುಟ್ಟುತ್ತಾ ನಿಂತಿದ್ದಳು. ಒಳಗೆ ಬಿಟ್ಟು, ಬೂಟು ಬಿಚ್ಚಿಸಿ, ಕೈ ತೊಳೆಸಿ, ಹಾಡು ಅರ್ಧಕ್ಕೇ ನಿಲ್ಲಿಸಿದಿರಿ ಅಂತ ಇನ್ನೊಂದು ಸಲ ತೊಳೆಸಿದಳು! ತಪ್ಪು ಹುಡುಕೋಕೆ ಬಂದವಳು ಹೋಗುವಾಗ, ತಾನು ಪಾಸಾ ಅಂತ ಕೇಳಿಕೊಂಡು ಹೋದಳು.

ಇದೆಲ್ಲ ನಗೋ ಮಾತಾಯಿತು. ನನಗೆ ಅವಳ ಮೇಲೆ ನಿಜವಾಗಿ ಸಿಟ್ಟು ಬಂದದ್ದು ಒಂದು ಸೋಮವಾರ ಸಂಜೆ. ಐದು ಮಕ್ಕಳಲ್ಲಿ ಎರಡೂವರೆ ವರ್ಷದ ಒಂದು ಹೆಣ್ಣುಮಗು ಇತ್ತು. ಧಾರವಾಡದ ಕಡೆಯವರು, ಪಕ್ಕದ ಅಪಾರ್ಟ್‌ಮೆಂಟಿನವರು. ಅಪ್ಪನಿಗೆ ಕ್ಯಾಲಿಫೋರ್ನಿಯಾದಲ್ಲಿ ಕೆಲಸ, ಅದೂ ಇವತ್ತೋ ನಾಳೆಯೋ ಅನ್ನೋ ಹಾಗೆ. ಮಗುವನ್ನು ಕರೆದುಕೊಂಡು ಹೋಗೋಕೆ ಬಂದ ತಾಯಿ ಬಾಗಿಲಲ್ಲೇ ನಿಂತಳು.

"ನಾಳಿಂದ ಇಕಿನ್ನ ಕಳಸೂದಿಲ್ರಿ ಆಂಟಿ. ನನ್ ಕೆಲಸಾನೂ ಹೋತು."

ನಾದಿನಿ ಅವಳ ಮುಖ ನೋಡಿ, "ಹಾಗೆಲ್ಲ ಬಿಡೋ ಹಾಗಿಲ್ಲಮ್ಮ. ಎರಡು ವಾರದ ನೋಟಿಸ್ ಕೊಡಬೇಕು" ಅಂದಳು.

ಕೆಲಸ ಕಳಕೊಂಡು ಬಂದವಳಿಗೆ ಹೇಳೋ ಮಾತಾ ಇದು? ಆ ಹುಡುಗಿ ಮಗುವಿಗೆ ಬೂಟು ಹಾಕಿ, ಎತ್ತಿಕೊಂಡು ಹೊರಟುಹೋದಳು. ನನಗೆ ನಾದಿನಿಯ ಬೆನ್ನಿಗೊಂದು ಬಿಡೋಣ ಅನ್ನಿಸಿತು.

ಒಂದು ಗಂಟೆಯೂ ಆಗಿರಲಿಲ್ಲ, ಯಾರೋ ಜಾಗ ಇದೆಯಾ ಅಂತ ಫೋನ್ ಮಾಡಿದರು. ಇಬ್ಬರೂ ಡಾಕ್ಟರುಗಳಂತೆ, ಆ ಕಾಲದಲ್ಲಿ ಕೆಲಸ ಗಟ್ಟಿಯಾಗಿದ್ದ ಜನ. ಜಾಗ ಇಲ್ಲ, ಐದು ಮಕ್ಕಳಿದ್ದಾರೆ ಅಂತ ಇವಳು ಫೋನ್ ಇಟ್ಟಳು.

"ನಾಳೆಯಿಂದ ನಾಲ್ಕೇ ಅಲ್ಲವೇನೇ?" ಅಂದ ಗಂಡ.

"ನೋಟಿಸ್ ಮುಗಿಯೋ ತನಕ ಆ ಜಾಗ ಆ ಮಗೂದು."

"ಆ ಹುಡುಗಿ ಫೀಸು ಎಲ್ಲಿಂದ ಕೊಡ್ತಾಳೆ?"

"ನಾನು ಕೇಳಿದೆನಾ? ನೋಟಿಸ್ ಯಾವಾಗ ಮುಗಿಯುತ್ತೆ ಅಂತ ಹೇಳೋಳು ನಾನು."

ನಮ್ಮನೆಯಲ್ಲೇ ಸಂಬಳ ಇಲ್ಲ, ಇನ್ನೊಬ್ಬರ ಸಂಬಳಕ್ಕೆ ನೀನು ಜಾಗ ಕಾಯ್ತೀಯಲ್ಲ ಅಂತ ಆತ ಕೂಗಾಡಿದ. ಮಗು ನೋಡೋರಿಲ್ಲದೆ ಆ ಹುಡುಗಿ ಕೆಲಸ ಹುಡುಕೋದು ಹೇಗೆ ಅಂತ ಇವಳು ಕೇಳಿದಳು. ಆತ ಎದ್ದು ಮೇಲೆ ಹೋದ. ಇವಳು ಆ ಹುಡುಗಿಗೆ ಫೋನ್ ಮಾಡಿದಳು. ಮಾತು ಬೇಗ ಮುಗಿಯಿತು. ಬಂದು ಮಕ್ಕಳ ಪುಟ್ಟ ಕುರ್ಚಿಯಲ್ಲಿ ಕೂತಳು, ಮಂಡಿ ಗಲ್ಲಕ್ಕೆ ತಾಗುವ ಹಾಗೆ.

"ಪುಕ್ಕಟೆ ಬೇಡವಂತೆ, ಅತ್ತಿಗೆ. ನಾಳೆ ಬೆಳಿಗ್ಗೆ ಹೋಬೋಕನ್‌ನಲ್ಲಿ ಇಂಟರ್ವ್ಯೂ ಇದೆ. ಮಗು ಇದೆ ಅಂತ ಹೋಗೋದಿಲ್ಲವಂತೆ. ಹೋಗಿ ಎತ್ತಿಕೊಂಡು ಬರೋಣ ಅಂದರೆ, ಬೆಳಗಾಗೋ ಮುಂಚೆಯೇ ಬಂದಿಳಿಯೋ ಉಳಿದ ಮಕ್ಕಳನ್ನು ಬಿಟ್ಟು ಹೊಸ್ತಿಲು ದಾಟೋ ಹಾಗಿಲ್ಲ ನಾನು."

ಗಂಡನ ಕೆಲಸ ಹೋದ ದಿನವೂ ಅಳದವಳು, ಅವತ್ತು ಆ ಕುರ್ಚಿಯಲ್ಲಿ ಕೂತು ಅತ್ತಳು. ನನಗೆ ಸಮಾಧಾನ ಹೇಳೋಕೆ ಬರೋದಿಲ್ಲ. ಎದ್ದು ಹೋಗಿ ಮಲಗಿದೆ.

ಮಾರನೆಯ ಬೆಳಿಗ್ಗೆ ಇನ್ನೂ ಮಬ್ಬಿರುವಾಗಲೇ ಬೂಟು ಹಾಕಿಕೊಂಡು ಆ ಅಪಾರ್ಟ್‌ಮೆಂಟಿಗೆ ಹೋದೆ. ಹುಡುಗಿ ಬಾಗಿಲು ತೆಗೆದಳು. ಪುಕ್ಕಟೆ, ಫೀಸು ಅಂತ ಏನೋ ಶುರು ಮಾಡಿದಳು. ನಿಮ್ಮ ಲೆಕ್ಕ ನನಗೆ ತಿಳಿಯೋದಿಲ್ಲ, ನೀನು ರೈಲಿಗೆ ಹೊರಡು ಅಂತ ಹೇಳಿ, ನಿದ್ದೆಗಣ್ಣಿನಲ್ಲಿದ್ದ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು, ಸೆರಗು ಹೊದಿಸಿ, ಹಿಮ ತುಳಿದುಕೊಂಡು ಬಂದೆ.