ನಾನು ತರ್ಕದಿಂದ ಹಿಡಿದ ಗಿಳಿ

ಊಹೆ ಮಾಡುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ಮಾನ್ವಿಯ ಶಾಲೆಯಲ್ಲಿ ಗಣಿತದ ಮಾಸ್ತರನಾಗಿದ್ದಾಗ ನನ್ನ ಶಾಸನ ಒಂದೇ ಇತ್ತು: "ಉತ್ತರ ಸರಿ ಇದ್ದರೂ ಊಹೆ ಮಾಡಿದ್ದರೆ ಸೊನ್ನೆ!" ಈ ಶಾಸನ ಒಂದು ದಿನ ನಮ್ಮ ಮನೆಯ ತಲೆದಿಂಬಿನ ಮೇಲೆ ಬಂದು ಕೂರುತ್ತದೆಂದು ನಾನು ಊಹಿಸಿರಲಿಲ್ಲ. ಊಹಿಸುವ ಅಭ್ಯಾಸವೇ ಇರಲಿಲ್ಲವಲ್ಲ!

ಎಪ್ಪತ್ತರ ದಶಕದ ಕೊನೆಯ ಮಾತು. ಹೆಂಡತಿ ಸರೋಜಳ ತಂಗಿ ಗಿರಿಜಾ ನಮ್ಮಲ್ಲೇ ಇದ್ದಳು. ಎರಡು ಸಂಬಂಧ ಬಂದು ತಪ್ಪಿದ್ದವು. ಮೂರನೆಯದು ರಾಯಚೂರಿನದು. ಹುಡುಗನಿಗೆ ನೌಕರಿ ಇತ್ತು, ಫೋಟೋ ನೋಡಿದ ಗಿರಿಜಾ ಅದನ್ನು ವಾಪಸ್ ಕೊಡುವುದನ್ನೇ ಮರೆತಿದ್ದಳು. ಆದರೆ ಹುಡುಗನ ತಾಯಿ ಹುಡುಗಿಯ ಮುಖಕ್ಕಿಂತ ಮೊದಲು ಕೈಕೆಲಸ ನೋಡುತ್ತಾರೆಂದು ಸುದ್ದಿ ಬಂತು.

"ಇದೂ ತಪ್ಪಿತಂದ್ರ ನಮ್ಮವ್ವಗ ನಾ ಹ್ಯಾಂಗ ಮಾರಿ ತೋರಸ್ಲಿ?" ಎಂದು ಸರೋಜಾ ಕಣ್ಣಲ್ಲಿ ನೀರು ತಂದುಕೊಂಡಳು.

ಪಕ್ಕದ ಮನೆಯ ಜುಲೇಖಾ ಬೀ ಉಪಾಯ ಹೇಳಿದರು. ದೇವದುರ್ಗದ ಅವರ ತವರಿನಲ್ಲಿ ಹಳೆಯ ಜೋಡಿ ದಿಂಬುಗಳಿದ್ದವು. ಒಂದೊಂದರ ಮೇಲೆ ಒಂದೊಂದು ಗಿಳಿ, ಎರಡೂ ಎದುರುಬದುರು. ಗುಣಾಕಾರದ ಗುರುತಿನಂಥ ಹೊಲಿಗೆಯ ಕಸೂತಿ. ಅಂಥದೇ ಜೋಡಿಯನ್ನು ಹೊಲಿದು ಬೀಗರಿಗೆ ತೋರಿಸಬೇಕು. ಊರಿಗೆ ಹೊರಟಾಗ ಅವರು, "ಎಡಗಡಿ ದಿಂಬಿನ ಗಿಳಿ ಎಣಿಸಿ ಬರದು ಕಳಸ್ತೀನ್ರೀ. ಬಲಗಡಿದಕ್ಕ ಅದನ್ನ ಉಲ್ಟಾ ಹಾಕ್ರಿ, ಬಸ್" ಎಂದರು.

ನಾಲ್ಕನೇ ದಿನ ದೇವದುರ್ಗದ ಬಸ್ಸಿನ ಕಂಡಕ್ಟರ್ ಒಂದು ಹಾಳೆ ತಂದುಕೊಟ್ಟ. ಚಿತ್ರವಿಲ್ಲ, ಬರೇ ಅಂಕಿ! ಪ್ರತಿ ಸಾಲಿನಲ್ಲಿ ಒತ್ತಟ್ಟಿಗೆ ಎಷ್ಟು ಹಸಿರು ಹೊಲಿಗೆ ಎಂದು ಅಂಚಿನಲ್ಲಿತ್ತು. ತಪ್ಪಿದರೆ ತಿಳಿಯಲೆಂದು ಮೇಲಿನಿಂದ ಕೆಳಕ್ಕೂ ಎಣಿಸಿ ಹಾಳೆಯ ತಲೆಯ ಮೇಲೆ ಬರೆದಿದ್ದರು. ನಡುನಡುವೆ ಖಾಲಿ ಎಷ್ಟು ಬಿಡಬೇಕೆಂಬುದು ಮಾತ್ರ ಎಲ್ಲೂ ಇರಲಿಲ್ಲ.

"ನಾಳಿ ಬಸ್ಸಿಗೆ ಹೋಗಿ ಕೇಳ್ಕೊಂಡು ಬರ್ತೀನ್ರೀ. ಬೀ ಹ್ಯಾಂಗ ಎಣಿಸ್ಯಾರೋ ಏನೋ" ಎಂದಳು ಸರೋಜಾ.

"ಕೇಳೋದು ಅಂದ್ರ ಕಾಪಿ ಹೊಡಿಯೋದು!" ಎಂದೆ. "ಹದಿನೈದು ಚೌಕದ ಸಾಲಿನಾಗ ಹನ್ನೊಂದು ಒತ್ತಟ್ಟಿಗೆ ಅವ ಅಂತ ಬರದಾರ. ಎಡಕ್ಕ ದೂಡು, ಬಲಕ್ಕ ದೂಡು, ನಡುವಿನ ಏಳು ಖಾತ್ರಿ ಹೌದಲ್ಲೇನು? ಇದು ತರ್ಕ!"

ಅಡುಗೆಮನೆಯ ನೆಲದ ಮೇಲೆ ಸೀಮೆಸುಣ್ಣದಿಂದ ಚೌಕಗಳನ್ನು ಬರೆದೆ. ಖಾತ್ರಿ ತುಂಬಿದ ಚೌಕಕ್ಕೆ ತೊಗರಿಬೇಳೆ, ಖಾತ್ರಿ ಖಾಲಿ ಚೌಕಕ್ಕೆ ಅಕ್ಕಿಕಾಳು. ಅನುಮಾನವಿದ್ದಲ್ಲಿ ಏನೂ ಇಡಕೂಡದು. ಹೆಂಗಸರು ಗೋಡೆ ಹಿಡಿದು ಒಲೆಯ ಹತ್ತಿರ ಹೋಗತಕ್ಕದ್ದು!

"ಮಾಮಾ, ಇದು ಕೊಕ್ಕು ಅಲ್ರೀ? ಇಲ್ಲಿ ಒಂದು ಬ್ಯಾಳಿ ಇಟ್ರ ಮುಗೀತು" ಎಂದಳು ಗಿರಿಜಾ.

"ಊಹೆ! ಕೈ ತಗಿ!" ಎಂದು ಗದರಿದೆ.

ಎರಡನೇ ದಿನ ಶಾಲೆಯಿಂದ ಬಂದಾಗ ಗಿಳಿಗೆ ಹೊಟ್ಟೆಯೇ ಇರಲಿಲ್ಲ. ಸರೋಜಾ ಅದನ್ನು ಸಾರು ಮಾಡಿದ್ದಳು! "ಮನ್ಯಾಗ ಇದ್ದ ಬ್ಯಾಳಿನೆಲ್ಲಾ ನೀವ ನೆಲಕ್ಕ ಹಾಕೀರಿ, ನಾ ಏನು ಅಂಕಿ ಕುದಸ್ಲಿ?" ಎಂದಳು. ಊಟ ಮಾಡಿ ಮತ್ತೆ ಮೊದಲಿನಿಂದ ಶುರು ಮಾಡಿದೆ. ಸಾರು ಚೆನ್ನಾಗಿತ್ತು.

ಐದನೇ ದಿನ ಗಿಳಿ ಸಿಕ್ಕಿತು! ಅಡ್ಡಸಾಲು, ಉದ್ದಸಾಲು, ಎಲ್ಲ ತಾಳೆಯಾದವು. ಒಂದೇ ಒಂದು ಊಹೆ ಇಲ್ಲ. ಅಕ್ಕತಂಗಿಯರಿಗೆ ಹೊಲಿಯಲು ಒಂದು ವಾರವಷ್ಟೇ ಉಳಿದಿತ್ತು. ಹುಡುಗನ ಕಡೆಯವರು ಬರುವ ದಿನದ ಬೆಳಿಗ್ಗೆ ಕೊನೆಯ ಹೊಲಿಗೆ ಬಿತ್ತು. ಹೆಂಗಸರು ಒಗ್ಗರಣೆಗೆ ಓಡಿದರು. ದಿಂಬುಗಳನ್ನು ಮಂಚದ ಮೇಲೆ ಇಡುವ ಜವಾಬ್ದಾರಿ ನನ್ನದಾಯಿತು.

ಎಡದ್ದು ಎಡಕ್ಕೆ, ಬಲದ್ದು ಬಲಕ್ಕೆ ಇಟ್ಟೆ. ನೋಡಿದೆ. ಏನೋ ಒಂಥರಾ ಅನಿಸಿತು. ಆದರೆ ಅನಿಸುವುದೆಂದರೆ ಊಹೆ! ಹಾಳೆಯ ಪ್ರಕಾರ ಎಲ್ಲ ಸರಿಯಾಗಿತ್ತು. ಬಿಟ್ಟುಬಿಟ್ಟೆ.

ಹುಡುಗನ ತಾಯಿ ಒಳಗೆ ಬಂದವರೇ ನೆಟ್ಟಗೆ ದಿಂಬು ನೋಡಿದರು. ಹತ್ತಿರ ಹೋಗಿ ಮತ್ತೆ ನೋಡಿದರು.

"ಏನ್ರೀ ಮಾಸ್ತರ, ಗಿಳಿ ಜಗಳಾಡ್ಯಾವೇನು?"

ನಾನು ಈಗ ಸರಿಯಾಗಿ ನೋಡಿದೆ. ಎಡದ ಗಿಳಿ ಎಡಕ್ಕೆ, ಬಲದ ಗಿಳಿ ಬಲಕ್ಕೆ ಮುಖ ಮಾಡಿ, ಒಂದಕ್ಕೊಂದು ಬೆನ್ನು ಕೊಟ್ಟು ಕೂತಿದ್ದವು.

"ಗಂಡಾ ಹೆಂಡ್ತಿ ದಿಂಬಿನ ಮ್ಯಾಲ ಹಿಂಗ ಕುಂತ್ರ ಇದೇನ್ರೀ ಶಕುನ?"

ಆಗಲಾದರೂ ನಾನು ಬಾಯಿ ಮುಚ್ಚಬೇಕಿತ್ತು. ಮುಚ್ಚಲಿಲ್ಲ. ಓಡಿಹೋಗಿ ಹಾಳೆ ತಂದೆ. "ಹಂಗಲ್ರೀ ಯವ್ವಾ, ಈ ಹನ್ನೊಂದರ ಸಾಲು ನೋಡ್ರಿ. ಎಡಕ್ಕ ದೂಡ್ರಿ, ಬಲಕ್ಕ ದೂಡ್ರಿ... ಈ ಗಿಳಿಗೆ ಬೆನ್ನು ತಿರುವೋದು ಬಿಟ್ಟು ಬ್ಯಾರೆ ದಾರಿನ ಇಲ್ಲ! ಸಾಧಿಸಿ ತೋರಸ್ತೀನಿ!"

ಅವರು ಮಗನ ಕಡೆ ತಿರುಗಿ, "ರಾಯಚೂರಿಗೆ ಬಸ್ ಎಷ್ಟೊತ್ತಿಗೆ ಅದ?" ಎಂದರು.

ಬಾಗಿಲಲ್ಲಿ ನಿಂತ ಸರೋಜಳ ಮುಖ ಸುಣ್ಣದಂತಾಯಿತು. ಮೂರನೇ ಸಂಬಂಧವನ್ನು ಸ್ವತಃ ನಾನೇ ತರ್ಕಬದ್ಧವಾಗಿ ಕಳೆದಿದ್ದೆ!

ಅಷ್ಟರಲ್ಲಿ ಗಿರಿಜಾ ಚಹಾ ತಂದಳು. ಎಲ್ಲರ ಮುಖ ನೋಡಿದಳು, ಮಂಚ ನೋಡಿದಳು. ತಟ್ಟೆ ಕೆಳಗಿಟ್ಟು, ಎಡದ ದಿಂಬನ್ನು ಬಲಕ್ಕೂ ಬಲದ ದಿಂಬನ್ನು ಎಡಕ್ಕೂ ಇಟ್ಟಳು.

ಗಿಳಿಗಳು ಎದುರುಬದುರಾದವು.

"ರಾಜಿ ಆದವ್ರಿ" ಎಂದು ಮೆಲ್ಲಗೆ ಹೇಳಿ ಚಹಾ ಕೊಟ್ಟಳು.

ಹುಡುಗ ಫಕ್ಕನೆ ನಕ್ಕುಬಿಟ್ಟ. ತಾಯಿಯೂ ನಕ್ಕು, "ಹುಡುಗಿ ಶಾಣ್ಯಾ ಅದಾಳ. ಈ ಮನ್ಯಾಗ ಒಬ್ಬರರ ಶಾಣ್ಯಾ ಅದಾರಲ್ಲ, ಸಾಕು" ಎಂದರು. ಅವತ್ತೇ ಮಾತು ಪಕ್ಕಾ ಆಯಿತು.

ವಾರದ ನಂತರ ಜುಲೇಖಾ ಬೀ ಊರಿಂದ ಬಂದರು. ನಾನು ಹಾಳೆ ಹಿಡಿದು ನ್ಯಾಯ ಕೇಳಲು ಹೋದೆ. ಅವರು ಹಾಳೆಯ ಬಲ ಅಂಚಿನ ಮೇಲೆ ಬೆರಳಿಟ್ಟರು. "ದಿಂಬಿನ ಎಡಗಡಿ ತುದಿ ಇಲ್ಲಿಂದ ಬರಕೋತ ಹೋಗೀನಲ್ರೀ ಮಾಸ್ತರ್ ಸಾಬ್. ಉರ್ದು ಕಲ್ತವರು ಮತ್ತೆಲ್ಲಿಂದ ಬರೀತಾರ?"

ನಿಜಾಮರ ಕಾಲದಲ್ಲಿ ಎರಡು ವರ್ಷ ಉರ್ದು ಶಾಲೆಗೆ ಹೋದವನು ನಾನು! ಬಲಗಡೆಯಿಂದ ಬರೆದು, ತಪ್ಪಿದರೆ ಬಲಗೈಗೇ ಏಟು ತಿಂದವನು! ಅಡ್ಡಸಾಲಿನ ಅಂಕಿಗಳೆಲ್ಲ ಬಲ ಅಂಚಿನಲ್ಲಿದ್ದುದನ್ನು ಐದು ದಿನ ನೋಡಿದ್ದೆ, ಕೇಳಲಿಲ್ಲ.

ಮನೆಗೆ ಬಂದು ಸರೋಜಳ ಮುಂದೆ ವಾದ ಹೂಡಿದೆ. "ನನ್ನ ತರ್ಕದಾಗ ಒಂದು ಹೆಜ್ಜಿನೂ ತಪ್ಪಿಲ್ಲ ನೋಡು. ಎಡಗಡಿಯಿಂದ ಶುರು ಅಂತ ಹಿಡದದ್ದು ಒಂದ..."

"ಅದನ್ನ ನಿಮಗ ಯಾರು ಹೇಳಿದ್ರು?"

"ಯಾರೂ ಹೇಳಲಿಲ್ಲ. ನಾನ ಹಂಗ ಅನ್ಕೊಂಡೆ."

ಸರೋಜಾ ಮೂಲೆಯಲ್ಲಿ ಉಳಿದಿದ್ದ ಕೆಂಪು ಸೀಮೆಸುಣ್ಣದ ತುಂಡನ್ನು ಎತ್ತಿಕೊಂಡು, ನನ್ನ ಹಾಳೆಯ ತಲೆಯ ಮೇಲೆ ದುಂಡಗೆ ಒಂದು ಸೊನ್ನೆ ಬರೆದಳು.