ಹುಳು ಹಣ್ಣಾದ ದಿನವೇ ಪರೀಕ್ಷೆ

ಚಂದ್ರ... ಚಂದ್ರದಿಂದಲೇ ಶುರು, ಅಷ್ಟು ಗೊತ್ತು. ಚಂದ್ರಹಾರ ಅಲ್ಲ, ಚಂದ್ರಕಾಳಿ ಸೀರೆಯೂ ಅಲ್ಲ. ಬಿದಿರಿನ ದೊಡ್ಡ ತಟ್ಟಿ. ಅದರ ಮೇಲೆ ಬಿದಿರಿನದೇ ಪಟ್ಟಿಯನ್ನು ಸುರುಳಿ ಸುತ್ತಿ ಕೂರಿಸಿರುತ್ತಾರೆ. ಸೊಪ್ಪು ತಿನ್ನುವುದು ಮುಗಿಸಿ ಹಣ್ಣಾದ ರೇಷ್ಮೆಹುಳು ಆ ಸಂದಿಯಲ್ಲಿ ಕೂತು ಗೂಡು ಕಟ್ಟುತ್ತದೆ. ಮಧುವನಹಳ್ಳಿಯ ನಮ್ಮ ಮನೆಯ ಗೋಡೆಗೆ ಇಂಥವು ಹತ್ತು ಒರಗಿರುತ್ತಿದ್ದವು. ಹುಟ್ಟಿದಾಗಿನಿಂದ ಕಂಡ ವಸ್ತು, ಹೆಸರು ಮಾತ್ರ ನಾಲಿಗೆಯ ತುದಿಗೆ ಬಂದು ಒಳಗೆ ಹೋಗುತ್ತಿದೆ. ಈ ಕಲಬುರ್ಗಿಯಲ್ಲಿ ಯಾರನ್ನು ಕೇಳಲಿ? ಇಲ್ಲಿಯವರಿಗೆ ತೊಗರಿ ಗೊತ್ತು, ಜೋಳ ಗೊತ್ತು. ರೇಷ್ಮೆಹುಳು ಎಂದರೆ ನನ್ನ ಮೊಮ್ಮಗಳೇ "ಛೀ ಅಜ್ಜಿ" ಅನ್ನುತ್ತಾಳೆ.

ನನ್ನ ಶಾಲೆಯ ಮಾತು ಬಂದಾಗಲೆಲ್ಲ ಹೀಗೇ. ಎಲ್ಲಿಂದ ಶುರು ಮಾಡಿದರೂ ಒಂದು ಹುಳು ತಪ್ಪದೆ ಒಳಗೆ ಬರುತ್ತದೆ.

ಈ ಸಲ ಮಾತು ತೆಗೆದದ್ದು ಒಂದು ಕಾಗದ. ಕೊಳ್ಳೇಗಾಲದಲ್ಲಿ ನಾನು ಓದಿದ ಸಿಸ್ಟರಮ್ಮಂದಿರ ಹೈಸ್ಕೂಲಿನವರು ಹಳೆಯ ವಿದ್ಯಾರ್ಥಿಗಳ ಪುಸ್ತಕ ಮಾಡುತ್ತಾರಂತೆ. ಒಂದು ಫಾರಂ ಕಳಿಸಿದ್ದಾರೆ. ಹುಟ್ಟಿದ ದಿನಾಂಕ, ಉದ್ಯೋಗ, ವಿವಾಹ, ಸಾಧನೆ. ಸಹಪಾಠಿಗಳ ವಿಷಯ ಗೊತ್ತಿದ್ದರೆ ಅದನ್ನೂ ತಿಳಿಸಬೇಕಂತೆ. ಮೊಮ್ಮಗಳು ಪೆನ್ನು ಹಿಡಿದು ಎದುರಿಗೆ ಕೂತು, "ಪಟಪಟ ಹೇಳಜ್ಜಿ, ಐದು ನಿಮಿಷದ ಕೆಲಸ" ಎಂದಳು. ನಾನು ಮೊದಲನೆಯದಕ್ಕೆ ಉತ್ತರ ಹೇಳಲು ಶುರು ಮಾಡಿದೆ. ಅವಳು ಪೆನ್ನಿನ ಮುಚ್ಚಳ ಹಾಕಿದಳು.

ಹುಟ್ಟಿದ ದಿನಾಂಕ

ಅಪ್ಪ ನನ್ನನ್ನು ಶಾಲೆಗೆ ಸೇರಿಸಲು ಹೋದ ದಿನ ಹೆಡ್‌ಮಿಸ್ಟ್ರೆಸ್ ಕೋಣೆಯಲ್ಲಿ ಮೂವರು ಅಪ್ಪಂದಿರು, ಮೂವರು ಹುಡುಗಿಯರು ಇದ್ದೆವು. ಒಬ್ಬಳು ಯಳಂದೂರಿನ ಪಕ್ಕದ ಮಾಂಬಳ್ಳಿಯವಳು. ಇನ್ನೊಬ್ಬಳು ಹನೂರಿನಾಚೆಯ ಕ್ರೈಸ್ತರ ಮನೆಯವಳು, ಶಾಲೆಯ ಬೋರ್ಡಿಂಗಿಗೇ ಬಂದವಳು. ಮೂರನೆಯವಳು ನಾನು. ಹೆಡ್‌ಮಿಸ್ಟ್ರೆಸ್ಸನ್ನು ನಾವೆಲ್ಲ ಮದರಮ್ಮ ಅನ್ನುತ್ತಿದ್ದೆವು. ಮಂಗಳೂರಿನ ಕಡೆಯವರು, ಅವರ ಕನ್ನಡ ಪಠ್ಯಪುಸ್ತಕದಿಂದ ಎದ್ದು ಬಂದ ಹಾಗಿರುತ್ತಿತ್ತು.

"ಮಗುವಿನ ಜನ್ಮದಿನಾಂಕ ಹೇಳಿ."

"ಉಳ ಅಣ್ಣಾದ ದಿವ್ಸ ಉಟ್ಟದ್ದು ತಾಯಿ" ಎಂದ ಅಪ್ಪ. "ಇವ್ಳವ್ವನ್ನ ಒಳಗೆ ಮಲಗ್ಸಿ ನಾವೆಲ್ಲ ಆಚೆ ಉಳ ಆಯ್ತಾ ಇದ್ದೊ."

"ಯಾವ ತಿಂಗಳು?"

"ವರ್ಸಕ್ಕೆ ಆರು ಸಲ ಅಣ್ಣಾಯ್ತವೆ. ಅದ್ರಲ್ಲಿ ಒಂದು."

ಮಾಂಬಳ್ಳಿಯ ಅಪ್ಪನಿಗೆ ನೆನಪಿದ್ದದ್ದು ಅವರ ಎಮ್ಮೆ ಕರು ಹಾಕಿದ ದಿನ. ಹನೂರಿನವಳ ಅಪ್ಪ ಮಾತ್ರ ಚರ್ಚಿನ ಜ್ಞಾನಸ್ನಾನದ ಚೀಟಿ ತಂದಿದ್ದ. ಇಡೀ ಕೋಣೆಯಲ್ಲಿ ದಿನಾಂಕ ಅಂತ ಇದ್ದದ್ದು ಅದೊಂದೇ. ಮದರಮ್ಮ ಅದನ್ನೇ ಮೂವರ ಹೆಸರಿನ ಮುಂದೂ ಬರೆದರು.

ಮಾಂಬಳ್ಳಿಯ ಅಪ್ಪ ಗಾಬರಿಯಾದ. "ನನ್ ಮಗಳು ಅವ್ರಿಬ್ಬರಿಗಿಂತ ಎರಡು ವರ್ಸ ದೊಡ್ಡೋಳು ತಾಯಿ."

"ಆಗಲಿ" ಎಂದರು ಮದರಮ್ಮ. "ಇವಳು ಬೆಳಿಗ್ಗೆ ಹುಟ್ಟಿದಳು. ಅವರಿಬ್ಬರು ಸಾಯಂಕಾಲ."

ಹೊರಡುವ ಮುಂಚೆ ನಮ್ಮಪ್ಪ ಒಂದು ಕರಾರು ಹಾಕಿದ. "ಓದ್ಲಿ, ಬ್ಯಾಡ ಅನ್ನಕ್ಕಿಲ್ಲ. ಆದ್ರೆ ಉಳ ಅಣ್ಣಾದ ದಿವ್ಸ ಇವಳು ಮನೇಲಿರ್ಬೇಕು. ಇವಳ ಸ್ಕೂಲಿಂದ ಒಂದು ಬೆಳೆ ಕೆಟ್ರೂ ಸ್ಕೂಲು ಬಂದ್." ಅವನ ಮಾತೂ ಸುಳ್ಳಲ್ಲ. ಹಣ್ಣಾದ ಹುಳುವನ್ನು ಆ ಹೊತ್ತಿಗೇ ಆಯ್ದು ಗೂಡಿಗೆ ಬಿಡದಿದ್ದರೆ ಅದು ಸೊಪ್ಪಿನ ಮೇಲೆ, ಕಸದ ಮೇಲೆ ಎಲ್ಲೆಂದರಲ್ಲಿ ನೂಲು ಬಿಟ್ಟು ಮುಗಿಸುತ್ತದೆ. ತಿಂಗಳ ದುಡಿಮೆ ಮಣ್ಣು. ನಮ್ಮ ಮನೆಯಲ್ಲಿ ಇದ್ದದ್ದು ಎಂಟೇ ಕೈ, ಅದರಲ್ಲಿ ಎರಡು ನನ್ನವು.

ಉದ್ಯೋಗ

ಆಗ ಕೊಳ್ಳೇಗಾಲ ಮದ್ರಾಸಿನದು, ಯಳಂದೂರು ಮೈಸೂರಿನದು. ಮಾಂಬಳ್ಳಿಯವಳು ದಿನಾ ಒಂದು ರಾಜ್ಯದಲ್ಲಿ ಎದ್ದು ಇನ್ನೊಂದರಲ್ಲಿ ಪಾಠ ಕಲಿತು ಬರುತ್ತಿದ್ದಳು. ಅಕ್ಕಿಯನ್ನು ಗಡಿ ದಾಟಿಸಬಾರದು ಎಂಬ ಕಾನೂನಿದ್ದ ಕಾಲ. ದಾರಿಯ ಚೌಕಿಗೆ ಒಂದು ದಿನ ಹೊಸಬ ಜವಾನ ಬಂದ.

"ಏನಮ್ಮಿ ಆ ಗಂಟು?"

"ಬುತ್ತಿ."

"ಏನದೆ ಅದ್ರಲ್ಲಿ?"

"ಮೊಸರನ್ನ."

"ಅನ್ನ ಅಂದ್ರೆ ಅಕ್ಕಿ ತಾನೆ? ದಾಟಂಗಿಲ್ಲ."

ಇವಳು ವಾದ ಮಾಡಲಿಲ್ಲ. ಅಲ್ಲೇ ಹೊಂಗೆ ಮರದ ಕೆಳಗೆ ಚಕ್ಕಂಬಕ್ಕಳ ಹಾಕಿ ಕೂತು ಗಂಟು ಬಿಚ್ಚಿದಳು. ಬೆಳಗಿನ ಎಂಟೂವರೆಗೆ ಮಧ್ಯಾಹ್ನದ ಊಟ ಪೂರ್ತಿ ಮಾಡಿದಳು, ಉಪ್ಪಿನಕಾಯಿಯ ಓಟೆ ಚೀಪಿದಳು, ಜವಾನನ ಗಡಿಗೆಯಿಂದಲೇ ನೀರು ಕೇಳಿ ಕುಡಿದಳು. ಆಮೇಲೆ ಎದ್ದು ಅವನ ಮುಂದೆ ನಿಂತು, "ಅಕ್ಕಿ ಇನ್ನೂ ನನ್ ತಾವೇ ಅದೆ. ಇಡ್ಕೊ ನೋಡಣ" ಎಂದವಳೇ ಗಡಿ ದಾಟಿ ಬಂದಳು. ಮಧ್ಯಾಹ್ನ ನನ್ನ ಮುದ್ದೆಯಲ್ಲಿ ಅರ್ಧ ಅವಳಿಗೆ ಹೋಯಿತು.

ಮುಂದೆ ಅವಳು ರೇಷನ್ ಇಲಾಖೆಯಲ್ಲಿ ಗುಮಾಸ್ತೆಯಾದಳು. ಸಂದರ್ಶನದಲ್ಲಿ, "ಈ ಕೆಲಸದ ಅನುಭವ ಏನಾದರೂ ಉಂಟೇ?" ಎಂದು ಕೇಳಿದರಂತೆ. "ಒಂದ್ಸಲ ಅಕ್ಕಿ ಗಡಿ ದಾಟಿಸಿದ್ದೀನಿ ಸಾ" ಎಂದಳಂತೆ.

ವಿವಾಹ

ನನ್ನದು ಬರೆಯುವಂಥದ್ದೇನಿಲ್ಲ. ಬರೆಯಬೇಕಾದ್ದು ಹನೂರಿನವಳದು.

ನಾವು ಎಸ್ಸೆಸ್ಸೆಲ್ಸಿಯಲ್ಲಿದ್ದಾಗ, ಅಂದರೆ ಆರನೇ ಫಾರಂನಲ್ಲಿ, ಒಂದು ಭಾನುವಾರ ಪೂಜೆ ಮುಗಿದ ಮೇಲೆ ಅವಳನ್ನು ನೋಡಲು ಗಂಡಿನ ಕಡೆಯವರು ಬೋರ್ಡಿಂಗಿಗೇ ಬಂದರು. ಅದನ್ನು ನೋಡಲೆಂದೇ ಬಂದಿದ್ದ ನಾವೆಲ್ಲ ಕಿಟಕಿಯಲ್ಲಿ. ಹುಡುಗ ಎತ್ತರವಾಗಿದ್ದ, ಮೀಸೆ ಚೆನ್ನಾಗಿತ್ತು. ಅವನ ಸೋದರಮಾವ ಗಂಟಲು ಸರಿಮಾಡಿಕೊಂಡು, "ಉಡುಗಿಗೆ ಅಡಿಗೆ ಬತ್ತದಾ?" ಎಂದು ಕೇಳಿದ.

"ಬರುತ್ತದೆ" ಎಂದರು ಮದರಮ್ಮ. "ಹುಡುಗನಿಗೆ ಭಿನ್ನರಾಶಿ ಬರುತ್ತದೆಯೇ?"

ಸೋದರಮಾವ ಹುಡುಗನ ಮುಖ ನೋಡಿದ. ಹುಡುಗ ನೆಲ ನೋಡಿದ. ಓದಿದ್ದು ಮೂರನೇ ಫಾರಂವರೆಗೆ ಎಂದು ನೆಲಕ್ಕೇ ಹೇಳಿದ.

"ಹುಡುಗಿ ಆರನೇ ಫಾರಂ. ನೀವು ಮೂರು ತರಗತಿ ಹಿಂದೆ ಇದ್ದೀರಿ. ಓದಿ ಮುಗಿಸಿ ಬನ್ನಿ, ಮಾತಾಡೋಣ."

ಕಾಫಿ ಕುಡಿದು ಎದ್ದು ಹೋದರು. ಮುಗಿಯಿತು ಎಂದು ನಾವು ಅಂದುಕೊಂಡೆವು. ಹನೂರಿನವಳು ಮಾತ್ರ ಆ ಮೀಸೆಯ ವಿಷಯ ಎರಡು ದಿನ ಮಾತಾಡಿದಳು. ಮೂರು ವರ್ಷದ ಮೇಲೆ, ಅವಳು ನರ್ಸಿನ ತರಬೇತಿ ಮುಗಿಸುವ ಹೊತ್ತಿಗೆ ಸರಿಯಾಗಿ, ಅದೇ ಹುಡುಗ ಅದೇ ಮಾವನ ಜೊತೆ ಮದರಮ್ಮನ ಹತ್ತಿರ ಬಂದ. ಒಂದು ಕೈಯಲ್ಲಿ ಹೂವಿನ ಪೊಟ್ಟಣ, ಇನ್ನೊಂದರಲ್ಲಿ ಎಸ್ಸೆಸ್ಸೆಲ್ಸಿ ಅಂಕಗಳ ಪುಸ್ತಕ. ಮದರಮ್ಮ ಹೂವನ್ನು ಪಕ್ಕಕ್ಕಿಟ್ಟು ಪುಸ್ತಕ ತೆರೆದರು. ಕನ್ನಡಕ ಏರಿಸಿ ಒಂದೊಂದೇ ವಿಷಯ ಓದಿದರು. ಗಣಿತದ ಹತ್ತಿರ ನಿಂತರು. ಹುಡುಗ ಮತ್ತೆ ನೆಲ ನೋಡಿದ.

"ಮೂವತ್ತೈದು" ಎಂದರು ಮದರಮ್ಮ. "ಸಾಕು. ಲೆಕ್ಕ ಅವಳು ನೋಡಿಕೊಳ್ಳುತ್ತಾಳೆ."

ಸಾಧನೆ

ಈಗ ನನ್ನದು. ಇದಕ್ಕೆ ಮೊದಲು ದೊಡ್ಡವ್ವನ ವಿಷಯ ಹೇಳಬೇಕು.

ದೊಡ್ಡವ್ವ ಅಂದರೆ ಅಪ್ಪನ ತಾಯಿ. ನಮ್ಮ ಹುಳುಮನೆಯ ಬಾಗಿಲು ಅವಳದು. ಒಳಗೆ ಹೋಗುವವರು ಮಿಂದಿರಬೇಕು. ಹೂ ಮುಡಿದಿರಬಾರದು, ತಲೆಗೆ ಎಣ್ಣೆ ಹಾಕಿರಬಾರದು, ಮೀನು ಮಾಂಸ ತಿಂದಿರಬಾರದು. ಹೊಸದಾಗಿ ಮದುವೆಯಾದವರಂತೂ ಅಂಗಳಕ್ಕೇ ಬರಬಾರದು. ಈ ಕಾನೂನು ಮುರಿದರೆ ಹುಳುವಿಗೆ ರೋಗ ಎಂದು ಅವಳ ನಂಬಿಕೆ. ಬಂದವರನ್ನೆಲ್ಲ ಬಾಗಿಲಲ್ಲಿ ನಿಲ್ಲಿಸಿ ಮೂಸಿ ನೋಡುತ್ತಿದ್ದಳು. ಒಮ್ಮೆ ನನ್ನ ಗೆಳತಿಯರು ಬಂದಾಗ ಮಾಂಬಳ್ಳಿಯವಳನ್ನು ಮಲ್ಲಿಗೆಗಾಗಿ, ಹನೂರಿನವಳನ್ನು ಒಣಮೀನಿಗಾಗಿ, ನನ್ನನ್ನು ಅವರ ಪಕ್ಕ ನಿಂತದ್ದಕ್ಕಾಗಿ ಹೊರಗೆ ಕಳಿಸಿದ್ದಳು.

ಎಸ್ಸೆಸ್ಸೆಲ್ಸಿ ಪರೀಕ್ಷೆ ಮಾರ್ಚಿನಲ್ಲಿ. ಅಪ್ಪ ಬೆರಳು ಮಡಿಸಿ ಲೆಕ್ಕ ಹಾಕಿದ್ದ. ಪರೀಕ್ಷೆ ಮುಗಿದ ಮಾರನೇ ದಿನ ಹುಳು ಹಣ್ಣಾಗಬೇಕು. ಆ ವರ್ಷ ಬಿಸಿಲು ಮುಂಚೆ ಬಂತು. ಮೊದಲ ಪರೀಕ್ಷೆಯ ದಿನ ಬೆಳಕು ಹರಿಯುತ್ತಲೇ ಹುಳುಮನೆಯಿಂದ ದೊಡ್ಡವ್ವನ ಕೂಗು ಕೇಳಿತು. "ಅಣ್ಣಾಗ್ಬುಟ್ಟೊ! ಎಲ್ಲಾವೂ ಒಂದೇ ಸಲಕ್ಕೆ!"

ನಾನು ಹೊಸ ದಾವಣಿ ಉಟ್ಟು ಪೆನ್ನಿಗೆ ಮಸಿ ತುಂಬುತ್ತಿದ್ದೆ. ಅಪ್ಪ ನನ್ನ ಮುಂದೆ ಬಂದು ನಿಂತ. "ಮಾತು ಅಂದ್ರೆ ಮಾತು ಕಣಮ್ಮಿ. ಪರೀಕ್ಸೆ ಮುಂದ್ಲೊರ್ಸವೂ ಬತ್ತದೆ. ಉಳ ಮಧ್ಯಾನಕ್ಕೆ ಕಾಯಾಕಿಲ್ಲ."

ಮುಂದಿನ ವರ್ಷ ಎಂದರೆ ಏನೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಮುಂದಿನ ವರ್ಷ ಎಂದರೆ ಅತ್ತೆಯ ಮಗ. ಅವನ ಮನೆಯವರು ಆಗಲೇ ಎರಡು ಸಲ ಕೇಳಿಹೋಗಿದ್ದರು. ನಾನು ಕಣ್ಣು ಒರೆಸಿಕೊಂಡು, ಲಂಗ ಮೇಲೆ ಕಟ್ಟಿ, ಹುಳುಮನೆಗೆ ನಡೆದೆ. ನನ್ನನ್ನು ಪರೀಕ್ಷೆಗೆ ಕರೆದೊಯ್ಯಲು ಬಂದಿದ್ದ ಜಟಕಾದವನು ಅಂಗಳದಲ್ಲಿ ನಿಂತು ಇದನ್ನೆಲ್ಲ ಕೇಳಿಸಿಕೊಂಡ. ಖಾಲಿ ಗಾಡಿ ತಿರುಗಿಸಿ ಕೊಳ್ಳೇಗಾಲಕ್ಕೆ ಹೊಡೆದ.

ಒಂದು ಗಂಟೆಯಾಗಿರಬೇಕು. ಜಟಕಾ ವಾಪಸು ಬಂತು. ಒಳಗೆ ಮದರಮ್ಮ, ನಾಲ್ಕು ಜನ ಸಿಸ್ಟರಮ್ಮಂದಿರು, ಅವರ ತೊಡೆಯ ಮೇಲೆ ನನ್ನ ಇಬ್ಬರು ಗೆಳತಿಯರು. ಪರೀಕ್ಷೆ ಮುಗಿಯುವತನಕ ಮಾಂಬಳ್ಳಿಯವಳೂ ಬೋರ್ಡಿಂಗಿನಲ್ಲೇ ಇದ್ದಳು. ಕುದುರೆ ಮನೆ ಮುಂದೆ ನಿಂತು ಹಿಂದಕ್ಕೆ ತಿರುಗಿ ನೋಡಿತು.

"ಇವತ್ತು ಇವ್ರಿಗೂ ಪರೀಕ್ಸೆ ಅಲ್ವಾ ತಾಯಿ?" ಎಂದ ಅಪ್ಪ, ಗೆಳತಿಯರನ್ನು ತೋರಿಸಿ.

"ಒಂದು ವರ್ಷದಲ್ಲಿ ಕಲಿಯದ್ದನ್ನು ಇನ್ನು ಎರಡು ಗಂಟೆಯಲ್ಲಿ ಕಲಿಯುವುದಿಲ್ಲ" ಎಂದು ಮದರಮ್ಮ ತೋಳು ಮಡಿಸಿದರು. "ಹುಳು ಎಲ್ಲಿ?"

ದೊಡ್ಡವ್ವ ಬಾಗಿಲಿಗೆ ಎರಡು ಕೈ ಅಡ್ಡ ಹಿಡಿದಳು. "ಯಾರೂ ಒಳಕ್ಕೆ ಬರಂಗಿಲ್ಲ. ಉಳಕ್ಕೆ ಆಗ್ಬರಲ್ಲ."

"ಏಕೆ ಬರಬಾರದು, ಹೇಳಿ ಅಜ್ಜಿ."

"ಮಿಂದಿದ್ದೀರಾ?"

"ನಾಲ್ಕು ಗಂಟೆಗೇ. ತಣ್ಣೀರು."

"ಊವ?"

"ಮುಡಿದು ಮೂವತ್ತು ವರ್ಷವಾಯಿತು."

"ತಲೆಗೆ ಎಣ್ಣೆ?"

ಮದರಮ್ಮ ತಲೆಯ ಮುಸುಕು ತಟ್ಟಿದರು. "ಹಾಕುವಷ್ಟು ಕೂದಲಿಲ್ಲ."

"ಮೀನು, ಮಾಂಸ?"

"ನಮಗೆ ಇದು ತಪಸ್ಸು ಕಾಲ. ಮೂರು ವಾರದಿಂದ ಮುಟ್ಟಿಲ್ಲ. ಇವತ್ತು ಗಂಜಿಯನ್ನೂ ಕುಡಿಯದೆ ಬಂದಿದ್ದೇವೆ."

ದೊಡ್ಡವ್ವನ ಹತ್ತಿರ ಒಂದೇ ಅಸ್ತ್ರ ಉಳಿದಿತ್ತು. "ಗಂಡ?"

"ಐವರಲ್ಲಿ ಯಾರಿಗೂ ಇಲ್ಲ."

ದೊಡ್ಡವ್ವ ಕೈ ಇಳಿಸಿದಳು. ನಮ್ಮವ್ವನ ಕಡೆ ತಿರುಗಿ, "ಐವತ್ತೊರ್ಸದಿಂದ ಇಂತೋರ್ನೇ ಉಡುಕ್ತಿದ್ದೆ ಕಣವ್ವ. ಊರೊಳಗೆ ಒಬ್ಳೂ ಸಿಕ್ಕಿರ್ನಿಲ್ಲ!" ಎಂದಳು. ಗೆಳತಿಯರನ್ನೂ ಒಂದೊಂದು ಸಲ ಮೂಸಿ ಒಳಗೆ ಬಿಟ್ಟಳು.

ಹುಳು ಕಂಡು ಚಿಕ್ಕ ಸಿಸ್ಟರಮ್ಮ ಚೀರಿದರು. "ಚೀರಬೇಡಿ, ದೇವರ ಸೃಷ್ಟಿ" ಎಂದ ಮದರಮ್ಮ ತಾವೂ ಕಣ್ಣು ಮುಚ್ಚಿ ಶಿಲುಬೆಯ ಗುರುತು ಮಾಡಿಕೊಂಡೇ ಮೊದಲ ಹುಳು ಎತ್ತಿದರು. ಆಮೇಲೆ ಆಡಳಿತವೆಲ್ಲ ದೊಡ್ಡವ್ವನದು. "ಏ ದೊಡ್ಡಮ್ನೋರೇ, ಅದಲ್ಲ, ಅದಿನ್ನೂ ಕಾಯಿ! ಮೈ ಒಳೀಬೇಕು, ತಲೆ ಎತ್ತಿ ಆಡಿಸ್ತಿರ್ಬೇಕು. ಅಮ್ಮೀ, ಚಂದ್ರಂಕಿ ತತ್ತಾ, ಚಂದ್ರಂಕಿ!"

ಚಂದ್ರಂಕಿ! ಬಂತು ನೋಡಿ. ನನ್ನ ಬಾಯಿಗೆ ಬಾರದ್ದು ದೊಡ್ಡವ್ವನ ಬಾಯಿಗೆ ಬಂತು.

ಒಂಬತ್ತು ಗಂಟೆಗೆ ಹತ್ತು ಚಂದ್ರಂಕಿಯೂ ತುಂಬಿದವು. ಅಪ್ಪ ಮದರಮ್ಮನಿಗೆ ಕೈ ಮುಗಿದ. ನನಗೆ ಎರಡೇ ಮಾತು ಹೇಳಿದ: "ಒರಡಮ್ಮಿ, ಒತ್ತಾಯ್ತು."

ಪರೀಕ್ಷೆಗೆ ಕೊಯಮತ್ತೂರಿನಿಂದ ಬಂದ ತಮಿಳು ಮೇಲ್ವಿಚಾರಕರಿದ್ದರು. ಬರೆಯಲು ಶುರು ಮಾಡಿ ಅರ್ಧ ಗಂಟೆಯಾಗಿರಲಿಲ್ಲ, ನನ್ನ ಜಡೆಯಿಂದ ಒಂದು ಹಣ್ಣುಹುಳು ಇಳಿದು ಬಂದು ಉತ್ತರದ ಹಾಳೆಯ ಮೂಲೆಯಲ್ಲಿ ತಲೆ ಎತ್ತಿ ನಿಂತಿತು. ಮೇಲ್ವಿಚಾರಕರು ಓಡಿ ಬಂದರು. ಪೆನ್ಸಿಲಿನ ತುದಿಯಿಂದ ಅದನ್ನು ಮಗುಚಿ, ಹೊಟ್ಟೆಯ ಮೇಲೆ ಏನಾದರೂ ಬರೆದಿದೆಯೇ ಎಂದು ನೋಡಿದರು. ಆಮೇಲೆ ನಿಯಮದ ಪುಸ್ತಕ ತಿರುವಿದರು. "ಚೀಟಿ ಉಂಟು, ಪುಸ್ತಕ ಉಂಟು, ಹುಳ ಇಲ್ಲೈ" ಎಂದು ತಲೆ ಕೆರೆದುಕೊಂಡು ಮದರಮ್ಮನನ್ನು ಕರೆಸಿದರು.

ಮದರಮ್ಮ ಬಗ್ಗಿ ನೋಡಿದರು. "ಹಾಲ್‌ಟಿಕೆಟ್ ಇಲ್ಲದೆ ಬಂದಿದೆ, ನಿಜ. ಆದರೆ ಉತ್ತರ ಹೇಳಿಕೊಡುತ್ತಿಲ್ಲವಲ್ಲ."

ಅವರು ಹೀಗೆನ್ನುವಾಗ ಅವರದೇ ಮುಸುಕಿನ ಅಂಚಿನಿಂದ ಇನ್ನೊಂದು ಹುಳು ತಲೆ ಎತ್ತಿ ಮೇಲ್ವಿಚಾರಕರನ್ನು ನೋಡಿತು. ಮೇಲ್ವಿಚಾರಕರು ನಿಯಮದ ಪುಸ್ತಕ ಮುಚ್ಚಿ ತಮ್ಮ ಕುರ್ಚಿಗೆ ಹೋದರು.

ಗೂಡಿಗೆ ಕೂತ ಹುಳುವನ್ನು ಅಲುಗಿಸಬಾರದು. ಅದೂ ದೊಡ್ಡವ್ವನ ಕಾನೂನೇ. ಹಾಗಾಗಿ ಅದು ಮೂಲೆಯಲ್ಲಿ ನೂಲು ಬಿಡುತ್ತ ಹೋಯಿತು, ನಾನು ಬರೆಯುತ್ತ ಹೋದೆ. ಹಾಳೆ ಮುಗಿದಾಗಲೆಲ್ಲ ಹೊಸದನ್ನು ಕೇಳಿ ಪಡೆದು, ಬರೆದದ್ದನ್ನು ಅದರ ಪಕ್ಕಕ್ಕೆ ಒತ್ತಿಡುತ್ತಿದ್ದೆ. ಕೊನೆಯ ಗಂಟೆ ಹೊಡೆಯಿತು. ಹೆಚ್ಚಿನ ಹಾಳೆ ಕಟ್ಟಲು ಮೇಲ್ವಿಚಾರಕರು "ದಾರ, ದಾರ" ಎನ್ನುತ್ತ ಸಾಲಿನಲ್ಲಿ ಬಂದರು. ನನ್ನ ಮೊದಲ ಹಾಳೆ ಎತ್ತಿದರು. ಉಳಿದ ಹಾಳೆಗಳೆಲ್ಲ ಮೂಲೆಯ ನೂಲಿಗೆ ಅಂಟಿಕೊಂಡು ಅದರ ಹಿಂದೆಯೇ ಎದ್ದು ಬಂದವು. ಒಂದು ಕ್ಷಣ ನೋಡಿ, ದಾರವನ್ನು ಜೇಬಿಗೆ ಹಾಕಿಕೊಂಡರು.

"ನಿನಗೆ ಬೇಡಮ್ಮಾ" ಎಂದರು.

ಬೆಳೆಯೂ ಬಂತು, ನಾನೂ ಪಾಸಾದೆ. ಅತ್ತೆಯ ಮಗನಿಗೆ ಬೇರೆ ಹೆಣ್ಣು ಸಿಕ್ಕಿತು, ನನಗೆ ಟೀಚರ್ ತರಬೇತಿ ಸಿಕ್ಕಿತು. ದೊಡ್ಡವ್ವ ಸಾಯುವತನಕ ಪ್ರತಿ ಬೆಳೆಗೂ, "ಆ ಗಂಡನಿಲ್ಲದೋರ್ನ ಕರ್ಕಂಬಾ" ಎಂದು ಅಪ್ಪನನ್ನು ಕಾಡುತ್ತಿದ್ದಳು.

ಮೊಮ್ಮಗಳು ನಕ್ಕು ನಕ್ಕು ಫಾರಂ ಮುದುಡಿದ್ದಾಳೆ. "ಹಂಗಾದ್ರ ಸಾಧನೆ ಅಂತ ಏನ್ ಬರೀಲಜ್ಜಿ? ಹೆಡ್‌ಮೇಡಂ ಆಗಿ ರಿಟೈರ್ ಆದದ್ದು ಬರ್ದುಬಿಡ್ಲೇನು?"

"ಹೆಡ್‌ಮೇಡಂ ಎಷ್ಟೋ ಜನ ಆಗ್ತಾರೆ. ಪೆನ್ನಿನ ಮುಚ್ಚಳ ತೆಗಿ. ಮೊದಲು ಅಂಚಿನಲ್ಲಿ ಚಂದ್ರಂಕಿ ಅಂತ ಗುರುತು ಹಾಕು, ಮತ್ತೆ ಮರೆತೇನು. ಈಗ ಸಾಧನೆಯ ಮುಂದೆ ನಾನು ಹೇಳಿದ ಹಾಗೇ ಬರಕೊ ಮಗಾ: ಇಡೀ ಮದ್ರಾಸು ರಾಜ್ಯದಲ್ಲಿ ದಾರ ಕೇಳದೆ ಎಸ್ಸೆಸ್ಸೆಲ್ಸಿ ಪಾಸಾದವಳು."