ಮಾವನ ಗೋಳಿಮರ ಮತ್ತು ನನ್ನ ಗಂಟಲು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನನ್ನ ಸೋದರಮಾವನ ತಲೆ ಕೆಡಿಸಿದ ಆ ಮರವನ್ನು ಮನೆಗೆ ತಂದವನು ನಾನೇ, ಕೊನೆಗೆ ಅದನ್ನು ಬೋಳು ಮಾಡಿದವನೂ ನಾನೇ. ನಡುವೆ ನಡೆದದ್ದಕ್ಕೆಲ್ಲ ಮಾವನೇ ಹೊಣೆ!

ಡೊಂಬಿವಲಿಯಲ್ಲಿ ಮರಕ್ಕೆ ನೀರು ಹಾಕುವವರಿದ್ದಾರೆ, ಅರಸಿನ ಕುಂಕುಮ ಹಚ್ಚುವವರಿದ್ದಾರೆ, ಕಡಿಯುವವರಂತೂ ಬೇಕಾದಷ್ಟಿದ್ದಾರೆ. ಆದರೆ ಮರಕ್ಕೆ “ಬನ್ನಿ ಬನ್ನಿ, ಕಿಟಕಿ ಪಕ್ಕ ಜಾಗ ಉಂಟು” ಎಂದು ಉಪಚಾರ ಹೇಳುವ ಮನುಷ್ಯ ನನಗೆ ಗೊತ್ತಿರುವ ಮಟ್ಟಿಗೆ ಒಬ್ಬರೇ. ನಮ್ಮ ಮಾವ. ವಾಶಿಯ ಒಂದು ಉಡುಪಿ ಹೋಟೆಲಿನ ಗಲ್ಲಾದ ಮೇಲೆ ಆಯುಷ್ಯವೆಲ್ಲ ಕೂತವರು. ಎದುರಿಗೆ ಬಂದದ್ದು ಮನುಷ್ಯನೋ ಮರವೋ, ಅವರಿಗೆ ಗಿರಾಕಿಯೇ.

ನನ್ನ ಕಸುಬೂ ಇಲ್ಲೇ ಹೇಳಿಬಿಡಬೇಕು. ಸಂಬಳ ಕೊಡುವ ಕಸುಬು ಬೇರೆ, ಐರೋಲಿಯ ಆಫೀಸಿನದ್ದು. ಅದರಲ್ಲಿ ಯಾರಿಗೂ ಆಸಕ್ತಿಯಿಲ್ಲ, ನನಗೂ ಇಲ್ಲ. ನಾನು ಹೇಳುತ್ತಿರುವುದು ಮಿಮಿಕ್ರಿ. ಭಟ್ಟರ ಮಂತ್ರ, ಅಮ್ಮನ ಫೋನು, ಲೋಕಲ್ ಟ್ರೇನಿನ ಅನೌನ್ಸ್‌ಮೆಂಟು, ಎಲ್ಲ ನನ್ನ ಗಂಟಲಲ್ಲಿದೆ. ನನ್ನ ಸ್ವಂತದ ದನಿ ಹೇಗಿದೆ ಎಂದು ಮಾತ್ರ ಈವರೆಗೆ ಯಾರೂ ಕೇಳಿಲ್ಲ. ಮದುವೆಮನೆಗಳಲ್ಲಿ ನನ್ನ ದೊಡ್ಡ ಐಟಂ ಯಾವುದು ಗೊತ್ತೇ? ಮಾವನೇ! ಅಡಿಕೆ ಸಿಕ್ಕಿಕೊಂಡಂಥ ಒಂದು ಕೆಮ್ಮು, ಆಮೇಲೆ ಅರ್ಧ ಮೂಗಿನಿಂದ, ಅರ್ಧ ಬಾಯಿಯಿಂದ: “ಹ್ಞಾಂ, ಎಷ್ಟು ಜನ?” ಅಷ್ಟಕ್ಕೇ ಪಂಕ್ತಿಯೆಲ್ಲ ನಗುತ್ತಿತ್ತು.

ಮಾವ ನಿವೃತ್ತರಾದದ್ದೇ ತಡ, ಅನಾಹುತ ಶುರುವಾಯಿತು. ಹೋಟೆಲು ಬಿಟ್ಟು ಬಂದರು, ಗಲ್ಲಾ ಬಿಟ್ಟು ಬರಲಿಲ್ಲ. ಮನೆಯ ಸೋಫಾದಲ್ಲಿ ಕೂತು ಅಡುಗೆಮನೆಗೆ ಆರ್ಡರು ಕೂಗತೊಡಗಿದರು. “ಕಿಟಕಿ ಟೇಬಲಿಗೆ ಚಾ ಹೋಯ್ತಾ?” ಕಿಟಕಿಯ ಪಕ್ಕ ಕೂತಿದ್ದವರೂ ಅವರೇ. ಅತ್ತೆ ನನಗೆ ಫೋನು ಮಾಡಿದರು.

“ಮಗಾ, ಇವರಿಗೆ ಎಂತಾದ್ರೂ ಒಂದು ಕೆಲಸ ಹುಡುಕಿಕೊಡು. ಇಲ್ಲದಿದ್ರೆ ನಾನು ಟಿಟ್ವಾಳಾ ಗಣಪತಿ ದೇವಸ್ಥಾನದಲ್ಲಿ ಹೋಗಿ ಕೂತ್ಕೊಳ್ತೇನೆ. ಅಲ್ಲಿ ದೇವರು ಏನೂ ಆರ್ಡರ್ ಮಾಡುವುದಿಲ್ಲ.”

ಠಾಣೆಯ ಗಿಡದಂಗಡಿಯವನ ಮುಂದೆ ಸಮಸ್ಯೆ ಇಟ್ಟೆ. ಅವನು ಗೇಣುದ್ದದ ಒಂದು ಮರ ತೋರಿಸಿದ. ದಪ್ಪ ಬುಡ, ಮಡಕೆಯ ಅಂಚಿಗೆ ಕಾಲು ಚಾಚಿದಂಥ ಬೇರು, ಮೇಲೆ ಮಿರಿಮಿರಿ ಎಲೆ. ಫೈಕಸ್ ಬೋನ್ಸಾಯ್ ಅಂತೆ. “ಭಾಯ್, ಯೇ ಮರ್ತಾ ನಹೀ. ನಯೇ ಆದ್ಮೀ ಕೇ ಲಿಯೇ ಏಕ್‌ದಮ್ ಬೆಸ್ಟ್.” ಸಾಯುವುದಿಲ್ಲವಂತೆ, ಹೊಸಬರಿಗೆ ಬೆಸ್ಟ್ ಅಂತೆ! ಹೋಟೆಲಿನ ಕರಿಬೇವು ಬಿಟ್ಟರೆ ಬೇರೆ ಎಲೆ ಮುಟ್ಟದ ಮಾವನಿಗೆ ಹೇಳಿ ಮಾಡಿಸಿದ್ದು ಎಂದು ಹೊತ್ತುಕೊಂಡು ಹೋದೆ. ಸಾಯದ ಮರವನ್ನು ಸಾಯಿಸಲು ಹೊರಗಿನಿಂದ ಒಬ್ಬ ತಜ್ಞ ಬೇಕಾಗುತ್ತಾನೆ ಎಂಬುದು ಆಗ ಹೊಳೆಯಲಿಲ್ಲ.

“ಎಂತದು ಇದು?” ಅತ್ತೆ ಬಾಗಿಲಲ್ಲೇ ತಡೆದರು.

“ಫೈಕಸ್, ಅತ್ತೆ.”

“ಕನ್ನಡದಲ್ಲಿ ಹೇಳು.”

ನನ್ನ ಕನ್ನಡ ಅಲ್ಲಿಗೆ ಮುಗಿಯಿತು. ಮಾವ ಕನ್ನಡಕ ಏರಿಸಿ ಒಂದು ಎಲೆಯನ್ನು ನೋಟು ನೋಡುವ ಹಾಗೆ ಬೆಳಕಿಗೆ ಹಿಡಿದು ನೋಡಿದರು. “ಗೋಳಿ ಜಾತಿಯದ್ದು. ನಮ್ಮ ಅಶ್ವತ್ಥದ ದಾಯಾದಿ.”

“ಗೋಳಿಮರವಾ! ಮನೆಯೊಳಗಾ! ಮುಸ್ಸಂಜೆ ಹೊತ್ತು ಅದರ ಬುಡದಲ್ಲಿ ಹೋಗ್ಲಿಕ್ಕೆ ನಮ್ಮ ಅಜ್ಜಿ ಬಿಡ್ತಿರಲಿಲ್ಲ. ಈಗ ಅದನ್ನ ಟಿವಿ ಪಕ್ಕ ಇಡುವುದಾ?”

“ಗೇಣುದ್ದ ಉಂಟು ಮಾರಾಯ್ತಿ. ಇದರಲ್ಲಿ ಭೂತ ಇದ್ರೂ ಬೆರಳುದ್ದ ಇದ್ದೀತು.”

ದಾಯಾದಿ ಎಂದು ಬಾಯಿಯಿಂದ ಬಂದ ಮೇಲೆ ಮರ್ಯಾದೆ ಬಿಡಲಾದೀತೆ? ಶನಿವಾರ ಬಂತು. ಅಶ್ವತ್ಥಕ್ಕೆ ಪ್ರದಕ್ಷಿಣೆ ಬರುವ ದಿನ. ಆದರೆ ಬರುವುದೆಲ್ಲಿ? ಒಂದು ಕಡೆ ಕಿಟಕಿ, ಒಂದು ಕಡೆ ಗೋಡೆ, ಒಂದು ಕಡೆ ಫ್ರಿಜ್ಜು. ನಮ್ಮ ಕಡೆಯ ಫ್ಲ್ಯಾಟುಗಳಲ್ಲಿ ಮನುಷ್ಯನೇ ತನ್ನ ಸುತ್ತ ತಿರುಗುವುದು ಕಷ್ಟ. ಮಾವ ಸ್ವಲ್ಪ ಯೋಚಿಸಿದರು. ಆಮೇಲೆ ಮಡಕೆಯ ಕೆಳಗಿನ ತಟ್ಟೆ ಹಿಡಿದು ಮರವನ್ನೇ ಮೆಲ್ಲಗೆ ತಿರುಗಿಸಿದರು. ಭಕ್ತ ನಿಂತಲ್ಲೇ ನಿಂತ, ದೇವರು ಒಂದು ಸುತ್ತು ಬಂದ!

ನಾನು ನಕ್ಕು ನಕ್ಕು ಸುಸ್ತಾದೆ. ಆದರೆ ಮರಕ್ಕೆ ಎಲ್ಲ ಕಡೆಯಿಂದಲೂ ಬೆಳಕು ಸಿಕ್ಕು ಸುತ್ತಲೂ ಒಂದೇ ಸಮ ಚಿಗುರಿತು. ಮಡಕೆಯನ್ನು ಆಗಾಗ ತಿರುಗಿಸುತ್ತಿರಬೇಕು ಎಂದು ಇಂಟರ್ನೆಟ್ಟಿನಲ್ಲೂ ಬರೆದಿತ್ತು. ತೋರಿಸಿದೆ. ಮಾವ ತಿರುಗಿಯೂ ನೋಡಲಿಲ್ಲ. “ಹೌದಾ? ಅವರಿಗೆ ಈಗ ಗೊತ್ತಾಯ್ತಾ?”

ನೀರಿನದ್ದು ಇನ್ನೊಂದು ಶಾಸ್ತ್ರ. ಇಡ್ಲಿ ಬೆಂದಿದೆಯೇ ಎಂದು ನೋಡುವವರ ಹಾಗೆ ಮಣ್ಣಿಗೆ ಒಂದು ಕಡ್ಡಿ ಚುಚ್ಚಿ ತೆಗೆಯುತ್ತಿದ್ದರು. ಕಡ್ಡಿಗೆ ಹಸಿಮಣ್ಣು ಅಂಟಿದರೆ ಆ ದಿನ ನೀರಿಲ್ಲ. ಒಣಗಿ ಬಂದರೆ, ತಳದ ತೂತಿನಿಂದ ಹರಿದು ಹೋಗುವಷ್ಟು ಧಾರಾಳ. ಪಕ್ಕದ ಮನೆಯ ಮರಾಠಿ ಹೆಂಗಸು, ಎಲ್ಲರ ಕಾಕೂ, ಒಮ್ಮೆ ಹರಟೆಗೆ ಬಂದವರು ತಮ್ಮ ಲೋಟದಲ್ಲಿ ಉಳಿದ ನೀರನ್ನು ಪ್ರೀತಿಯಿಂದ ಮಡಕೆಗೆ ಸುರಿದುಬಿಟ್ಟರು. ಮಾವ ಗಲ್ಲಾದಿಂದ ಎದ್ದ ಹಾಗೆ ಎದ್ದರು. “ಕಾಕೂ, ಬೇರೆಯವರ ಎಂಜಲು ನೀರು ನಾವು ಗಿರಾಕಿಗೆ ಕೊಡುವುದಿಲ್ಲ!” ಕಾಕೂಗೆ ಕನ್ನಡ ಬಾರದ್ದರಿಂದ ಎರಡೂ ಮನೆಯ ಸ್ನೇಹ ಉಳಿಯಿತು.

ಕೊಂಬೆ ಕತ್ತರಿಸಬೇಕೆಂದು ನಾನು ಹೇಳಿದಾಗ ಮಾತ್ರ ಮಾವ ಬೆಚ್ಚಿದರು. “ಉಣ್ತಾ ಇರುವವನ ಬಾಳೆಲೆ ಎಳೆಯುವುದಾ?” ಮರ ಉದ್ದುದ್ದ ಕೈ ಚಾಚಿ ಅತ್ತೆಯ ಧಾರಾವಾಹಿಗೆ ಅಡ್ಡ ಬರುವವರೆಗೂ ಒಪ್ಪಲಿಲ್ಲ. ಕೊನೆಗೊಂದು ದಿನ ಕೊತ್ತಂಬರಿ ಕತ್ತರಿ ತೊಳೆದು ತಂದು, “ಬೇಜಾರು ಮಾಡಬೇಡಿ” ಎಂದು ಮರದ ಹತ್ತಿರ ಹೇಳಿ, ಕಣ್ಣು ಮುಚ್ಚಿ ಕತ್ತರಿಸಿದರು. ಕತ್ತರಿಸಿದಲ್ಲಿ ಬಿಳಿ ಹಾಲು ತೊಟ್ಟಿಕ್ಕಿತು.

“ಏ! ಬಾ ಇಲ್ಲಿ! ಹಾಲು ಬರ್ತಾ ಉಂಟು!”

ಓಡಿ ಬಂದವರು ಯಾರು? ಭೂತದ ಮರ ಎಂದಿದ್ದ ಅತ್ತೆ. ಕೈಯಲ್ಲಿ ಅರಸಿನದ ಡಬ್ಬಿ!

ದಿನಾ ಬೆಳಿಗ್ಗೆ ಸ್ನಾನವಾದ ಮೇಲೆ ಮಾವ ಮರದ ಎದುರು ನಿಲ್ಲುತ್ತಿದ್ದರು. ಕೆಮ್ಮು. ಆಮೇಲೆ, “ಹ್ಞಾಂ, ಬನ್ನಿ ಬನ್ನಿ. ನಿದ್ದೆ ಆಯ್ತಾ? ನೀರು ಈಗ ಬರ್ತದೆ. ಬಿಸಿಲು ಸ್ವಲ್ಪ ಲೇಟು, ಎದುರಿನ ಬಿಲ್ಡಿಂಗ್ ದಾಟಿ ಬರ್ಬೇಕಲ್ಲ.” ನಾನು ಅಲ್ಲಿದ್ದ ದಿನ ಅವರ ಬೆನ್ನ ಹಿಂದೆ ನಿಂತು ಅದನ್ನೇ ಅವರದೇ ದನಿಯಲ್ಲಿ ಹೇಳುತ್ತಿದ್ದೆ. ಒಳಗಿನಿಂದ ಅತ್ತೆ, “ಒಬ್ಬರು ಸಾಲದು ಅಂತ ಇನ್ನೊಬ್ಬ!” ಎಂದು ಪಾತ್ರೆ ಕುಕ್ಕುತ್ತಿದ್ದರು.

ಹೀಗಿರುವಾಗ ಮಾವನಿಗೆ ಎದೆನೋವು ಬಂತು. ಠಾಣೆಯ ಆಸ್ಪತ್ರೆಯಲ್ಲಿ ಬೈಪಾಸ್ ಆಗಲೇಬೇಕೆಂದರು. ಆಪರೇಷನ್ನಿನ ಹಿಂದಿನ ದಿನ ಮಾವ ನನ್ನನ್ನು ಮಂಚದ ಹತ್ತಿರ ಕರೆದರು. ನಾನು ಕಣ್ಣೀರಿಗೆ ತಯಾರಾಗಿ ಹೋದೆ.

“ನನ್ನ ಎದೆ ಕೊಯ್ದು ಹೊಲಿಯುವುದು ಇವರ ಕೆಲಸ. ಮರ ನಿನ್ನ ಕೆಲಸ. ಕಡ್ಡಿ ಚುಚ್ಚದೆ ನೀರು ಹಾಕ್ಬೇಡ. ಜಾಗ ಮಾತ್ರ ಬದಲಿಸ್ಲೇಬೇಡ, ಅದಕ್ಕೆ ಆಗುವುದಿಲ್ಲ. ಮತ್ತೆ ಬೆಳಿಗ್ಗೆ ಮಾತಾಡು.”

“ನಾನು ಮಾತಾಡಿದ್ರೆ ಅದಕ್ಕೆ ಗುರುತು ಸಿಗ್ತದಾ ಮಾವ?”

“ನಿನ್ನ ಸ್ವರದಲ್ಲಿ ಯಾರು ಹೇಳಿದ್ದು? ನನ್ನ ಸ್ವರದಲ್ಲಿ ಮಾತಾಡು. ಮದುವೆಮನೆಯಲ್ಲೆಲ್ಲ ಮಾಡ್ತೀಯಲ್ಲ, ನನಗೆ ಗೊತ್ತಿಲ್ಲಾಂತ ಮಾಡಿದ್ಯಾ? ನಾನು ಬರುವಾಗ ಅದು ಹೀಗೇ ಇರ್ಬೇಕು.”

ಹೊರಗೆ ಡಾಕ್ಟರು ಹೇಳಿದ್ದು ಒಂದೇ ಮಾತು: ಆಪರೇಷನ್ ಆದ ಮೇಲೆ ಅವರ ಮನಸ್ಸಿಗೆ ಯಾವ ಆಘಾತವೂ ಆಗಬಾರದು. ಹಾಗಾದರೆ ಮರಕ್ಕೆ ಏನೂ ಆಗಬಾರದು. ಇಷ್ಟು ಸರಳ.

ಇಷ್ಟು ಸರಳವಾದದ್ದನ್ನು ನಾನು ಬಿಡುತ್ತೇನೆಯೇ? ನಾನಿರುವುದು ಸಾನಪಾಡಾದಲ್ಲಿ. ಬೆಳ್ಳಂಬೆಳಿಗ್ಗೆ ಡೊಂಬಿವಲಿಯ ಮಾವನ ಮನೆಗೆ ಹೋಗಿ ಮರದೊಂದಿಗೆ ಮಾತಾಡಿ ಮತ್ತೆ ಆಫೀಸಿಗೆ ಓಡುವ ಬದಲು, ಮರವನ್ನೇ ಸಾನಪಾಡಾಕ್ಕೆ ತಂದರಾಯಿತು! ಅತ್ತೆ ಬೇಡ ಎಂದರೂ ಕೇಳದೆ ಮರವನ್ನೆತ್ತಿಕೊಂಡು ಲೋಕಲ್ ಹತ್ತಿದೆ. ಮೂವರ ಸೀಟಿನ ತುದಿಯಲ್ಲಿ ಕೂತಿದ್ದವರೊಬ್ಬರು ಕೇಳಿದರು, “ಕಾಯ್ ಭಾವೂ, ಝಾಡಾಲಾ ಪಣ್ ಚೌಥೀ ಸೀಟ್ ಪಾಹಿಜೇ ಕಾ?” ಮರಕ್ಕೂ ನಾಲ್ಕನೇ ಸೀಟು ಬೇಕಾ ಎಂದು. ನಕ್ಕರು, ಆಮೇಲೆ ಸರಿದು ಕೊಟ್ಟೂ ಕೊಟ್ಟರು. ಮರ ಕೂತಿತು, ನಾನು ನಿಂತೆ.

ಸಾನಪಾಡಾದ ನನ್ನ ಕೋಣೆಯಲ್ಲಿ ಕಿಟಕಿಗೆ ಬೆಳಕಿಲ್ಲ, ಮಂಚದ ನೆತ್ತಿಯ ಮೇಲೆ ಏಸಿ. ಒಂದು ಎಲೆ ಹಳದಿಯಾಯಿತು. ಮರುದಿನ ಟೇಬಲಿನ ಮೇಲೆ ಒಂದು ಹಿಡಿ ಎಲೆ. ಗಾಬರಿಯಾಗಿ ನೀರು ಸುರಿದೆ, ಕಡ್ಡಿ ಗಿಡ್ಡಿ ಯಾರು ನೋಡುತ್ತಾರೆ! ಇನ್ನಷ್ಟು ಉದುರಿತು. ಓಡಿಕೊಂಡು ಡೊಂಬಿವಲಿಯ ಅದೇ ಕಿಟಕಿಗೆ ತಂದಿಟ್ಟೆ. ಜಾಗ ಇನ್ನೊಮ್ಮೆ ಬದಲಾಯಿತಲ್ಲ, ಉಳಿದವೂ ಉದುರಿದವು. ಮರ ಕೊನೆಯ ಲೋಕಲ್ ಹೊರಟುಹೋದ ಪ್ಲಾಟ್‌ಫಾರ್ಮಿನ ಹಾಗೆ ನಿಂತಿತ್ತು. ನಾನು ಬಟ್ಟೆಯ ಚೀಲ ತಂದು ಮಾವನ ಸೋಫಾದಲ್ಲೇ ಠಿಕಾಣಿ ಹೂಡಿದೆ.

ಅತ್ತ ಮಾವನದ್ದೂ ನೆಟ್ಟಗಿರಲಿಲ್ಲ. ಆಪರೇಷನ್ ಆಯಿತು, ಆದರೆ ಉಸಿರಿನ ನಳಿಗೆ ತೆಗೆಯಲು ಬೇಗನೆ ಆಗಲಿಲ್ಲ. ಮಾತಿಲ್ಲ. ಅತ್ತೆ ದಿನಾ ಹೋಗಿ ಐಸಿಯುವಿನಲ್ಲಿ ಒಂದು ಗಳಿಗೆ ನೋಡಿ, ಹೊರಗಿನ ಬೆಂಚಿನಲ್ಲಿ ಸಂಜೆಯವರೆಗೆ ಕೂತು ಬರುತ್ತಿದ್ದರು. ಏನಾಯಿತು ಎಂದರೆ, “ಹಾಗೇ ಇದ್ದಾರೆ” ಎನ್ನುತ್ತಿದ್ದರು. ನನಗೆ ಒಂದು ಬೈಗುಳವಾದರೂ ಸಿಕ್ಕಿದ್ದರೆ ಸಮಾಧಾನವಾಗುತ್ತಿತ್ತು, ಅದೂ ಇಲ್ಲ.

ನಾನು ಪ್ರತಿದಿನ ಸ್ನಾನ ಮಾಡಿ ಬೋಳುಮರದ ಎದುರು ನಿಲ್ಲುತ್ತಿದ್ದೆ. ಕೆಮ್ಮು. “ಹ್ಞಾಂ, ಬನ್ನಿ ಬನ್ನಿ. ನಿದ್ದೆ ಆಯ್ತಾ?” ಒಳಗೆ ಮಿಕ್ಸರ್ ತಟ್ಟನೆ ನಿಲ್ಲುತ್ತಿತ್ತು. ಅತ್ತೆಗೆ ಕಿರಿಕಿರಿಯಾಗುತ್ತಿದೆ ಎಂದುಕೊಂಡು ದನಿ ತಗ್ಗಿಸುತ್ತಿದ್ದೆ.

ಒಂದು ದಿನ ನನ್ನ ಗಂಟಲು ಕಟ್ಟಿತು. ಮಾತಾಡದೆ ಸುಮ್ಮನೆ ಕಡ್ಡಿ ಚುಚ್ಚಿ ನೋಡುತ್ತಿದ್ದೆ. ಆಸ್ಪತ್ರೆಗೆ ಹೊರಟ ಅತ್ತೆ ಚೀಲ ಹಿಡಿದು ಬಾಗಿಲವರೆಗೆ ಹೋದವರು ನಿಂತರು.

“ಇವತ್ತು ಮರಕ್ಕೆ ಮಾತಿಲ್ವಾ?”

“ಗಂಟಲು ಸರಿಯಿಲ್ಲ ಅತ್ತೆ. ಅಲ್ಲದೆ ಒಂದು ಎಲೆಯೂ ಇಲ್ಲ, ಕೇಳುವವರು ಯಾರು?”

ಅತ್ತೆ ಚೀಲ ಕೆಳಗಿಟ್ಟು ಒಳಗೆ ಹೋಗಿ ಕಾಳುಮೆಣಸಿನ ಕಷಾಯ ತಂದರು. “ಕುಡಿ. ಮತ್ತೆ ಮಾತಾಡು. ಅವಸರ ಇಲ್ಲ.” ಸೋಫಾದ ತುದಿಯಲ್ಲಿ ಕೂತರು, ನನ್ನನ್ನಲ್ಲ, ಕಿಟಕಿಯನ್ನು ನೋಡುತ್ತ. ನಾನು ಕೆಮ್ಮಿ ಶುರುಮಾಡಿದೆ. ನೀರು ಈಗ ಬರ್ತದೆ, ಬಿಸಿಲು ಸ್ವಲ್ಪ ಲೇಟು... ಜೀವಮಾನದಲ್ಲಿ ಮೊದಲ ಸಲ, ಮಾವನ ಐಟಮಿಗೆ ಯಾರೂ ನಗಲಿಲ್ಲ. ನಡುವೆ ದನಿ ಒಡೆದು ನನ್ನದೇ ದನಿ ಹೊರಗೆ ಬಂತು. ತಪ್ಪಿತೆಂದು ಮತ್ತೆ ಮೊದಲಿನಿಂದ ಹೇಳಿದೆ. ಪೂರ್ತಿ ಮುಗಿದ ಮೇಲೆ ಅತ್ತೆ ಎದ್ದು ಸೆರಗು ಸರಿಮಾಡಿಕೊಂಡು ಹೊರಟರು.

ನಳಿಗೆ ತೆಗೆದರು. ಇನ್ನೂ ಕೆಲವು ದಿನ ಕಳೆದು ಮಾವ ಹೊಲಿಗೆ ನೋಯದ ಹಾಗೆ ಎದೆಗೆ ಒಂದು ದಿಂಬು ಒತ್ತಿಕೊಂಡು, ಮೆಲ್ಲಗೆ ಹೆಜ್ಜೆಯಿಡುತ್ತ ಮನೆಗೆ ಬಂದರು. ನಾನು ಪರದೆ ಎಳೆದು ಕಿಟಕಿಗೆ ಅಡ್ಡ ನಿಂತಿದ್ದೆ. “ಸರಿ ಅತ್ತ” ಎಂದರು. ಸರಿದೆ.

ಮಾವ ಕನ್ನಡಕ ಏರಿಸಿ ಬೋಳು ಕೊಂಬೆಗಳನ್ನು ಒಂದೊಂದಾಗಿ ನೋಡಿದರು. ಇಲ್ಲಿ ನನ್ನ ಎದೆಗೇ ಬೈಪಾಸ್ ಬೇಕಾಗಿತ್ತು. ಆಮೇಲೆ ಅವರು ಬಗ್ಗಿ, ಕೊಂಬೆಯ ತೊಗಟೆಯನ್ನು ಉಗುರಿನಿಂದ ಒಂದಿಷ್ಟೇ ಕೆರೆದರು. ಒಳಗೆ ಹಸಿರು.

“ಜೀವ ಉಂಟು. ಬರ್ತದೆ.” ನಿಧಾನವಾಗಿ ಸೋಫಾದಲ್ಲಿ ಕೂತು ನನ್ನ ಕಡೆ ತಿರುಗಿದರು. “ಜಾಗ ಬದಲಿಸಿದ್ಯಲ್ಲ?”

“ಹೌದು ಮಾವ. ಸಾನಪಾಡಾಕ್ಕೆ.”

“ಗೋಳಿಮರವನ್ನ! ಸಾನಪಾಡಾಕ್ಕೆ! ಹೋಗ್ಲಿ, ಮಾತಾದ್ರೂ ಆಡಿದ್ಯಾ?”

“ದಿನಾ ಆಡಿದ್ದೇನೆ. ನಿಮ್ಮ ಸ್ವರದಲ್ಲೇ.”

“ಮಾಡಿ ತೋರಿಸು.”

ಮಾಡಿದೆ. ಮಾವ ಕಣ್ಣು ಮುಚ್ಚಿ ಪೂರ್ತಿ ಕೇಳಿ ತಲೆಯಾಡಿಸಿದರು. “ಮೂಗು ಜಾಸ್ತಿ ಆಯ್ತು. ಇದು ನನ್ನ ಸ್ವರವೇ ಅಲ್ಲ. ಅದಕ್ಕೇ ಉದುರಿದ್ದು. ಈ ನಕಲಿ ಸ್ವರಕ್ಕೆ ಯಾರು ಮಾರಾಯ ಮರುಳಾಗುವುದು?”

ಅತ್ತೆ ಒಂದು ಕೈಯಲ್ಲಿ ನೀರಿನ ಲೋಟ, ಇನ್ನೊಂದರಲ್ಲಿ ಮಾತ್ರೆ ಹಿಡಿದು ಅವರ ಎದುರು ಬಂದು ನಿಂತರು.

“ಮರದ್ದು ನನಗೆ ಗೊತ್ತಿಲ್ಲ. ನನಗೆ ಮಾತ್ರ ದಿನಾ ಆಸ್ಪತ್ರೆಗೆ ಹೊರಡ್ಲಿಕ್ಕೆ ಆ ನಕಲಿ ಸ್ವರವೇ ಸಾಕಿತ್ತು. ಹ್ಞಾಂ, ಬಾಯಿ ತೆಗೀರಿ.”